ಬೀಗತಿಯರು ಬರೆದ ಹಕ್ಕಿಗಳು

ಹುಮನಾಬಾದ್
೧೮ ಫೆಬ್ರುವರಿ ೨೦೨೫

ಬೀಗತಿ ಸುಂದರಬಾಯಿಯವರಿಗೆ ಜಗದೇವಿಯ ಶರಣು ಶರಣಾರ್ಥಿ.

ಈ ಪಾರ್ಸಲ್‌ನಲ್ಲಿ ದಪ್ಪ ಬಿಳಿ ಹಾಳೆಯ ಒಂದು ಪುಸ್ತಕ, ಬಣ್ಣದ ಡಬ್ಬಿ, ಎರಡು ಕುಂಚ ಇವೆ. ಸೊಸೆ ತವರಿಗೆ ಹೋಗಿ ತಿಂಗಳಾಯಿತು, ಅತ್ತೆ ಸೀರೆ ಕಳಿಸುವುದು ಬಿಟ್ಟು ಬಣ್ಣ ಕಳಿಸಿದ್ದಾಳೆ, ಇದ್ಯಾವ ರಿವಾಜು ಎನ್ನಬೇಡಿ. ಇದು ದೀಪಾಲಿಗಲ್ಲ, ನಿಮಗೆ.

ಸಂಕ್ರಾಂತಿಗೆ ಅವಳನ್ನು ಕರೆದುಕೊಂಡು ಹೋಗಲು ನೀವು ಬಂದಾಗ ಎಲ್ಲರೂ ಕೆಳಗೆ ಪಡಸಾಲೆಯಲ್ಲಿ ಮಾತಿಗೆ ಕುಳಿತಿದ್ದರು. ನೀವೊಬ್ಬರೇ ನಮ್ಮ ಮಾಳಿಗೆ ಹತ್ತಿ, ನಾನು ಹಕ್ಕಿಗಳಿಗೆ ಇಟ್ಟ ಕಾಳಿನ ತಟ್ಟೆಯ ಎದುರು ಕುಳಿತಿದ್ದಿರಿ. ಯಾಕೆ ಎಂದು ಕೈಸನ್ನೆ ಮಾಡಿದರೆ, "ಕೆಳಗ ಕುಂತ್ರ ಎಲ್ಲಾರ ಬಾಯಿ ನೋಡ್ಕೋತ ಕೂಡಬೇಕ್ರಿ. ಇಲ್ಲಿ ಗುಬ್ಬಿ ನೋಡಿದ್ರ ಆತು" ಅಂದಿರಿ. ಜ್ವರ ಬಂದು ಕಿವಿ ಹೋದದ್ದನ್ನು ನೀವು ಎಂದೂ ದೊಡ್ಡದು ಮಾಡಿ ಹೇಳಿದವರಲ್ಲ. ಅಂದು ಮಾತ್ರ ನನಗೆ ಅದರ ಭಾರ ತಿಳಿಯಿತು.

ಶಾಲೆಯಿಂದ ನಿವೃತ್ತಳಾದ ಮೇಲೆ ನಾನೊಂದು ಹಕ್ಕಿ ಪುಸ್ತಕ ಇಟ್ಟಿದ್ದೇನೆ. ತಟ್ಟೆಗೆ ಬಂದ ಹಕ್ಕಿಗೊಂದು ಪುಟ. ಏನು ತಿಂದಿತು, ಯಾರ ಜೊತೆ ಜಗಳಾಡಿತು ಎಂದು ನಾಲ್ಕು ಸಾಲು, ಪಕ್ಕದಲ್ಲಿ ಅದರ ಚಿತ್ರ. ಚಿತ್ರ ಚೆನ್ನಾಗಿರಬೇಕೆಂದಿಲ್ಲ. ನೀವೂ ಹಿತ್ತಲಲ್ಲಿ ಒಂದಿಷ್ಟು ನುಚ್ಚು, ನೀರು ಇಟ್ಟು ನೋಡಿ. ಬರೆದ ಪುಟ ನನಗೆ ಕಳಿಸಿ, ನನ್ನದು ನಾನು ಕಳಿಸುವೆ. ಫೋನು ನಿಮಗೆ ಕೇಳಿಸದು, ಮೊಬೈಲಿಗೆ ಕಳಿಸಿದರೆ ಮನೆಮಂದಿಯೆಲ್ಲ ಓದುತ್ತಾರೆ. ಅಂಚೆಯೇ ಸರಿ.

ನಿಮ್ಮ ಅಳಿಯ ಸತೀಶಕುಮಾರ ಆರಾಮಿದ್ದಾನೆ. ಔಷಧ ಕಂಪನಿಯಲ್ಲಿ ಶಿಫ್ಟ್ ಬದಲಾಗುತ್ತಲೇ ಇವೆ. ಬಸವಕಲ್ಯಾಣಕ್ಕೆ ಬರಲು ಬಿಡುವಾಗಿಲ್ಲ.

ನಿಮ್ಮ,
ಜಗದೇವಿ


ಬಸವಕಲ್ಯಾಣ
೧ ಮಾರ್ಚ್ ೨೦೨೫

ಬೀಗತಿಯವರಿಗೆ ಸುಂದರಬಾಯಿಯ ಶರಣಾರ್ಥಿ.

ಪಾರ್ಸಲ್ ಮುಟ್ಟಿತು. ನಮ್ಮ ಯಜಮಾನರು ಅದನ್ನು ತಿರುವಿ ನೋಡಿ, "ಹಕ್ಕಿ ನೆವ ಮಾಡಿ ಸೊಸಿ ಸುದ್ದಿ ಕೇಳಾಕತ್ತಾರ. ನೀ ಭಾಳ ಬರೀಬ್ಯಾಡ" ಅಂದರು. ಅವರು ಕಿರಾಣಿ ಅಂಗಡಿಯವರು, ಯಾರು ಏನು ಕೊಟ್ಟರೂ ತೂಕ ಮಾಡುತ್ತಾರೆ. ಹಾಗಾಗಿ ಸುದ್ದಿ ಮೊದಲೇ ಹೇಳಿಬಿಡುತ್ತೇನೆ. ದೀಪಾಲಿಗೆ ಸ್ವಲ್ಪ ನಿಶ್ಶಕ್ತಿ. ಯುಗಾದಿ ಕಳೆಯಲಿ, ಆಮೇಲೆ ನೋಡೋಣ.

ಇನ್ನು ಹಕ್ಕಿಯ ವಿಷಯ. ನಾನು ಕಲಿತದ್ದು ಏಳನೆಯ ಇಯತ್ತೆ. ಚಿತ್ರ ಎಂದರೆ ಗೊತ್ತಿಲ್ಲ. ಹಿತ್ತಲ ಪೇರಲ ಗಿಡದ ಕೆಳಗೆ ಹಳೆಯ ಪರಾತದಲ್ಲಿ ಜೋಳದ ನುಚ್ಚು ಇಟ್ಟೆ. ಮರುದಿನವೇ ಗುಬ್ಬಿಗಳು ಬಂದವು. ಕುಂಚ ಹಿಡಿದು ಕುಳಿತರೆ ಬರೆದದ್ದು ಗುಬ್ಬಿಯಾಗದೆ ಬದನೆಕಾಯಿಯಾಯಿತು. ಎರಡು ಹಾಳೆ ಕೆಡಿಸಿದೆ. ಆಮೇಲೆ, ಅಂಗಳದಲ್ಲಿ ರಂಗೋಲಿ ಹಾಕುವಾಗ ಚುಕ್ಕಿ ಇಡದೆ ಗೆರೆ ಎಳೆಯುತ್ತೇನೆಯೇ ಎಂದು ನೆನಪಾಯಿತು. ಗುಬ್ಬಿಯ ಕೊಕ್ಕಿಗೊಂದು ಚುಕ್ಕಿ, ಎದೆಗೆ, ಬಾಲದ ತುದಿಗೆ, ಕಾಲಿಗೆ. ಸುಮ್ಮನೆ ಸೇರಿಸುತ್ತ ಹೋದೆ. ಗುಬ್ಬಿಯೇ ಆಯಿತು.

ಪುಟ ಇಟ್ಟಿದ್ದೇನೆ. ನಗಬೇಕೆನಿಸಿದರೆ ನಗಿರಿ.

ಸುಂದರಬಾಯಿ


ಹುಮನಾಬಾದ್
೧೨ ಮಾರ್ಚ್ ೨೦೨೫

ಸುಂದರಬಾಯಿಯವರೆ,

ನಿಮ್ಮ ಗುಬ್ಬಿಯನ್ನು ನೋಡಿ ನಗಲಿಲ್ಲ. ಬಹಳ ಹೊತ್ತು ಮೇಜಿನ ಮೇಲೆ ಇಟ್ಟುಕೊಂಡು ಕುಳಿತೆ. ಅದು ಕಾಳು ಹೆಕ್ಕುವ ಮೊದಲು ಒಮ್ಮೆ ತಲೆ ಓರೆ ಮಾಡುತ್ತದಲ್ಲ, ಆ ಓರೆಯನ್ನು ನೀವು ಹಿಡಿದಿದ್ದೀರಿ. ಇಷ್ಟು ವರ್ಷ ಮಕ್ಕಳಿಗೆ ಚಿತ್ರ ಬರೆಸಿದ ನನಗೆ ಅದು ಒಲಿದಿಲ್ಲ. ಚುಕ್ಕಿ ಬಿಡಬೇಡಿ. ಬಣ್ಣಕ್ಕೆ ನೀರು ಮಾತ್ರ ಹೆಚ್ಚು ಬೆರೆಸಿ, ಹಿಟ್ಟು ನಾದಿದ ಹಾಗೆ ಗಟ್ಟಿ ಆಗಬಾರದು.

ನನ್ನ ಪುಟದಲ್ಲಿರುವುದು ಗುಲಾಬಿ ಕಬ್ಬಕ್ಕಿ. ತಲೆ ಕಪ್ಪು, ಮೈ ತಿಳಿ ಗುಲಾಬಿ. ಜೋಳದ ರಾಶಿಯ ಕಾಲಕ್ಕೆ ಎಲ್ಲಿಂದಲೋ ಮೋಡದ ಹಾಗೆ ಬರುತ್ತವೆ, ಬಿಸಿಲೇರಿದರೆ ಹೊರಟುಹೋಗುತ್ತವೆ. ಮಾಣಿಕನಗರದ ದಾರಿಯಲ್ಲಿ ಹೂಬಿಟ್ಟ ಮುತ್ತುಗದ ಗಿಡದ ತುಂಬ ಕುಳಿತಿದ್ದವು. ಆಟೊದವನಿಗೆ ನಿಲ್ಲಿಸು ಎಂದು ನೋಡಿದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಸತೀಶನ ಕೋಣೆಯ ಕಿಟಕಿಯ ಬಳಿ ನನ್ನ ಮೇಜು ಹಾಕಿಕೊಂಡಿದ್ದೇನೆ. ಅಲ್ಲಿ ಬೆಳಕು ಚೆನ್ನಾಗಿದೆ, ಬೇವಿನ ಗಿಡ ಎದುರಿಗೇ ಇದೆ. ದೀಪಾಲಿಯ ಮೈ ಹುಷಾರಾಗಲಿ. ಅವಸರವಿಲ್ಲ.

ಜಗದೇವಿ


ಬಸವಕಲ್ಯಾಣ
೨೫ ಮಾರ್ಚ್ ೨೦೨೫

ಜಗದೇವಿಯವರೆ,

ಈಗ ನನ್ನ ಬೆಳಗುಗಳು ಹಿತ್ತಲಲ್ಲೇ ಆಗುತ್ತವೆ. ದೀಪಾಲಿ ಹೊರಗೆ ಹೋದ ಮೇಲೆ, ಯಜಮಾನರು ಅಂಗಡಿಗೆ ಹೊರಟ ಮೇಲೆ, ಕಸಮುಸುರೆ ಮುಗಿಸಿ ಪುಸ್ತಕ ತೆಗೆಯುತ್ತೇನೆ. ಪಿಕಳಾರದ ಜೋಡಿಯೊಂದು ಬರುತ್ತಿದೆ. ತಲೆಯ ಮೇಲೆ ಕರಿ ಜುಟ್ಟು, ಬಾಲದ ಬುಡದಲ್ಲಿ ಕೆಂಪು. ಕುಂಕುಮದ ಬಟ್ಟಲ ಮೇಲೆ ಕುಳಿತು ಎದ್ದು ಬಂದಂತಿದೆ. ನುಚ್ಚು ಮುಟ್ಟುವುದಿಲ್ಲ, ಹಣ್ಣಾದ ಬಾಳೆಹಣ್ಣು ಇಟ್ಟರೆ ಮಾತ್ರ ಇಳಿಯುತ್ತವೆ.

ನಿನ್ನೆ ಕೋಗಿಲೆ ಬಂದಿತ್ತು. ಅದರ ಗಂಟಲು ಉಬ್ಬುವುದು, ಇಳಿಯುವುದು, ಮತ್ತೆ ಉಬ್ಬುವುದು ಕಂಡಿತು. ಕೂಗುತ್ತಿದೆ ಎಂದು ಗೊತ್ತಾಯಿತು. ಕಿವಿಯಿದ್ದಾಗ ಎಲ್ಲೋ ಕೂಗುತ್ತಿದೆ ಎಂದು ರೊಟ್ಟಿ ಬಡಿಯುತ್ತಿದ್ದೆನೇ ಹೊರತು ಒಂದು ದಿನವೂ ತಲೆಯೆತ್ತಿ ನೋಡಿದವಳಲ್ಲ. ಈಗ ಅದರ ಗಂಟಲನ್ನೇ ಬರೆದೆ. ಹೆಣ್ಣು ಕೋಗಿಲೆಯ ಮೈಮೇಲಂತೂ ದೇವರೇ ಚುಕ್ಕಿ ಇಟ್ಟು ಕಳಿಸಿದ್ದಾನೆ. ನನಗೆ ಕೆಲಸ ಕಡಿಮೆ.

ಒಂದು ಮಾತು ಕೇಳಲೇ? ಅಳಿಯಂದಿರ ಕೋಣೆಯಲ್ಲಿ ನೀವು ಮೇಜು ಹಾಕಿಕೊಂಡರೆ ಅವರು ಎಲ್ಲಿ ಮಲಗುತ್ತಾರೆ?

ಸುಂದರಬಾಯಿ


ಹುಮನಾಬಾದ್
೪ ಏಪ್ರಿಲ್ ೨೦೨೫

ಸುಂದರಬಾಯಿಯವರೆ,

ನಿಮ್ಮ ಕೋಗಿಲೆಯನ್ನು ಗೋಡೆಗೆ ಹಚ್ಚಿದ್ದೇನೆ.

ಸುದ್ದಿ ನಿಮಗೂ ಮುಟ್ಟಿರಬೇಕು. ಈ ಮದುವೆ ಕೂಡಿಸಿದ ಸಿದ್ದಪ್ಪನವರು ಬೇಮಳಖೇಡದ ತಮ್ಮ ಮನೆಯಲ್ಲಿ ಇದೇ ಹದಿಮೂರಕ್ಕೆ, ಗಂಡ ಹೆಂಡತಿಯ ಮಾತು ಬಗೆಹರಿಸಲು, ಎರಡೂ ಕಡೆಯ ಹಿರಿಯರನ್ನು ಕೂಡಿಸುತ್ತಿದ್ದಾರೆ. ನಮ್ಮವರು ತೀರಿಕೊಂಡ ಮೇಲೆ ಮನೆಯ ಹಿರಿತನ ಮೈದುನ ವೀರಭದ್ರನದು. ಅವನೇ ಮಾತಾಡುತ್ತಾನಂತೆ. ಸತೀಶನೂ ದೀಪಾಲಿಯೂ ಬರಬೇಕಂತೆ.

ಅಲ್ಲಿ ಏನೇ ಆಗಲಿ, ನೀವು ಪುಸ್ತಕ ನಿಲ್ಲಿಸಬಾರದು. ಇಷ್ಟೇ ನನ್ನ ಕೋರಿಕೆ. ಅಂದು ಬರುವಾಗ ನನ್ನ ಸೂರಕ್ಕಿಯ ಪುಟ ತರುತ್ತೇನೆ, ಕೈಯಲ್ಲೇ ಕೊಡುವೆ.

ಜಗದೇವಿ


ಹುಮನಾಬಾದ್
೨೦ ಏಪ್ರಿಲ್ ೨೦೨೫

ಸುಂದರಬಾಯಿಯವರೆ,

ಬೇಮಳಖೇಡದಲ್ಲಿ ಸೂರಕ್ಕಿಯ ಪುಟ ಹಿಡಿದುಕೊಂಡು ನಿಮ್ಮ ಜೀಪಿನ ತನಕ ಬಂದೆ. ನೀವು ಮುಖ ತಿರುಗಿಸಿ ಕುಳಿತಿದ್ದಿರಿ. ಜೀಪು ಹೊರಟಿತು.

ಎಲ್ಲರೆದುರು ನಾನು ಆಡಿದ ಮಾತಿನಿಂದ ನಿಮಗೆ ನೋವಾಗಿರಬೇಕು. ನೀವು ಬೇರೆ ಏನನ್ನೋ ಆಸೆಪಟ್ಟು ಬಂದಿದ್ದಿರಿ ಎಂದು ಬಲ್ಲೆ. ಆದರೂ ಅಂದು ಆ ಮಾತು ಆಡದೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ಇನ್ನೊಮ್ಮೆ ಅಂಥ ಸಂದರ್ಭ ಬಂದರೂ ಅದನ್ನೇ ಆಡುವೆ.

ಪುಟ ಇದರ ಜೊತೆ ಇದೆ. ನಾಲ್ಕು ಸಾಲು ಬರೆಯಿರಿ.

ಜಗದೇವಿ


ಬಸವಕಲ್ಯಾಣ
೨೭ ಏಪ್ರಿಲ್ ೨೦೨೫

ಜಗದೇವಿಯವರಿಗೆ,

ಬಣ್ಣದ ಡಬ್ಬಿ, ಕುಂಚ, ನಿಮ್ಮ ಪುಟಗಳನ್ನು ವಾಪಸು ಕಳಿಸಿದ್ದೇನೆ. ಪುಸ್ತಕದಲ್ಲಿ ಕೆಲವು ಹಾಳೆ ಖರ್ಚಾಗಿವೆ, ಅದನ್ನು ಇಟ್ಟುಕೊಂಡಿದ್ದೇನೆ.

ನನಗೆ ಕಿವಿ ಇಲ್ಲ, ಕಣ್ಣು ಇವೆ. ನಿಮ್ಮ ಮೈದುನರು ಮಾತಾಡುವಾಗ ನಮ್ಮ ಯಜಮಾನರು ತಲೆ ಕೆಳಗೆ ಹಾಕಿದ್ದನ್ನು ಕಂಡೆ. ಆಮೇಲೆ ನೀವು ಎದ್ದಿರಿ. ನಿಮ್ಮ ಮುಖ ಅಷ್ಟು ಕೆಂಪಾದದ್ದನ್ನು ನಾನು ಎಂದೂ ನೋಡಿರಲಿಲ್ಲ. ನನ್ನ ಮಗಳ ಕಡೆ ಕೈ ಮಾಡಿ ಮಾಡಿ ಮಾತಾಡಿದಿರಿ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಎದ್ದು ಹೋದಳು. ಇಷ್ಟು ನೋಡಿದ ಮೇಲೆ ಮಾತು ಕೇಳಿಸಬೇಕಾಗಿಲ್ಲ. ಇನ್ನೊಮ್ಮೆ ಅದನ್ನೇ ಆಡುವೆ ಎಂದು ಬೇರೆ ಬರೆದಿದ್ದೀರಿ.

ಹಕ್ಕಿಯ ವಿಷಯದಲ್ಲಿ ನಮ್ಮ ಯಜಮಾನರು ಮೊದಲೇ ಹೇಳಿದ್ದು ಸರಿಯಾಗಿತ್ತು.

ಸುಂದರಬಾಯಿ


ಹುಮನಾಬಾದ್
೩ ಮೇ ೨೦೨೫

ಸುಂದರಬಾಯಿಯವರೆ,

ನಿಮ್ಮ ಪತ್ರ ಓದಿದ ಮೇಲೆ ತಿಳಿಯಿತು. ಅಂದು ನಾನೇನು ಅಂದೆ ಎಂದು ನಿಮಗೆ ಯಾರೂ ಹೇಳಿಯೇ ಇಲ್ಲ. ನಾನೇ ಬರೆದರೆ ನನ್ನನ್ನು ನಾನೇ ಹೊಗಳಿಕೊಂಡಂತೆ ಆಗುತ್ತದೆ. ದೀಪಾಲಿಯನ್ನು ಎದುರಿಗೆ ಕೂಡಿಸಿಕೊಂಡು ಕೇಳಿ.

ಡಬ್ಬಿ ಮತ್ತೆ ಕಳಿಸಿದ್ದೇನೆ. ಕೇಳಿದ ಮೇಲೂ ಬೇಡವೆನಿಸಿದರೆ ಹಿತ್ತಲಲ್ಲಿ ಎಸೆದುಬಿಡಿ, ಇಲ್ಲಿಗೆ ಮಾತ್ರ ಕಳಿಸಬೇಡಿ.

ಜಗದೇವಿ


ಬಸವಕಲ್ಯಾಣ
೧೧ ಮೇ ೨೦೨೫

ಜಗದೇವಿ ಅಕ್ಕನವರಿಗೆ,

ನಿಮ್ಮ ಪತ್ರ ಬಂದ ದಿನ ದೀಪಾಲಿ ಮನೆಯಲ್ಲೇ ಇದ್ದಳು. ಹಿತ್ತಲಲ್ಲಿ ಪರಾತ ಬೋರಲು ಬಿದ್ದದ್ದನ್ನು ನೋಡಿ ಅವಳೇ ಕೇಳಿದಳು. ನನಗೆ ತುಟಿ ಕಾಣಲೆಂದು ಎದುರಿಗೆ ಕುಳಿತು ನಿಧಾನವಾಗಿ ಮಾತಾಡುತ್ತಾಳೆ, ತಿಳಿಯದ ಮಾತನ್ನು ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಾಳೆ.

"ಅವ್ವಾ, ಹಕ್ಕಿಗೆ ಕಾಳು ಹಾಕೂದು ಯಾಕ ಬಿಟ್ಟಿ?" ಅಂದಳು.

"ನಿನ್ನ ಅತ್ತಿ ನಾಕು ಮಂದ್ಯಾಗ ನಿನಗ ಅಂದಿದ್ದು ಸಾಕಾಗಲಿಲ್ಲೇನು? ಆಕಿ ಕೊಟ್ಟ ಬಣ್ಣ ನನಗ್ಯಾಕ ಬೇಕು?" ಅಂದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅವ್ವಾ, ನಿನಗ ಗೊತ್ತಾಗಿರಬೇಕು ಅಂತ ತಿಳ್ದಿದ್ನಿ. ಅಪ್ಪಾರ ಹೇಳಿರ್ತಾರ ಅಂದ್ಕೊಂಡಿದ್ನಿ. ಅತ್ತಿ ನನಗ ಬೈಲಿಲ್ಲವ್ವ. ನನ್ನ ಸಲುವಾಗಿ ಬೈದ್ರು."

ಅಕ್ಕ, ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ನಿಮ್ಮ ಮೈದುನರು "ಹುಡುಗಿ ನಡತಿ ಬರೋಬ್ಬರಿ ಇಲ್ರಿ, ಮನ್ಯಾಗ ನಿಲ್ಲೂದಿಲ್ಲ, ಅದಕ್ಕ ನಮ್ಮ ಹುಡುಗ ಬ್ಯಾಸತ್ತಾನ" ಅಂದರಂತೆ. ನಮ್ಮ ಯಜಮಾನರ ಬಾಯಿಂದ ಒಂದು ಮಾತೂ ಹೊರಡಲಿಲ್ಲವಂತೆ. ಆಗ ನೀವು ಎದ್ದು ನಿಂತು ಹೇಳಿದ್ದನ್ನು ಅವಳು ನನ್ನ ಅಂಗೈ ಮೇಲೆ ಬರೆದು ಬರೆದು ತೋರಿಸಿದಳು. "ವೀರಭದ್ರ, ಮಾತು ಅಲ್ಲೇ ನಿಲ್ಸು. ಈ ಹುಡುಗಿ ನನ್ನ ಕೂಡ ಒಂದೇ ಮನ್ಯಾಗ ಇದ್ದಾಳ. ಈಕಿದು ಒಂದು ತಪ್ಪು ನಾ ಕಂಡಿಲ್ಲ. ಬಾಳ್ವಿ ಬ್ಯಾಡ ಅಂದಾಂವ ನನ್ನ ಮಗ. ಈಕಿ ಮ್ಯಾಲ ಹೊರಸಬ್ಯಾಡ್ರಿ. ಅವನ ಬಾಯಿಲೇ ಕೇಳ್ರಿ." ಅಳಿಯಂದಿರೂ ಎದ್ದು, ಹೌದು, ಅವಳದೇನೂ ತಪ್ಪಿಲ್ಲ ಅಂದರಂತೆ.

ನಾನು, "ಮತ್ತ ನೀ ಯಾಕ ಅಳಕೋತ ಎದ್ದು ಹೋದಿ?" ಎಂದು ಕೇಳಿದೆ.

"ಮನಸ್ಸು ಹಗುರಾತವ್ವ. ಅದಕ್ಕ ಅಳು ಬಂತು" ಅಂದಳು.

ಯಜಮಾನರು ಅಂಗಡಿಯಿಂದ ಬಂದಾಗ ಎದುರಿಗೆ ನಿಂತು ಕೇಳಿದೆ, ಇಷ್ಟು ದೊಡ್ಡ ಮಾತನ್ನು ನನಗೆ ಯಾಕೆ ಹೇಳಲಿಲ್ಲ ಎಂದು. ಅವರು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. "ನಾ ಆಡಬೇಕಾದ ಮಾತು ಆ ಹೆಣ್ಮಗಳು ಆಡಿದ್ಲು. ಯಾವ ಮುಖ ಇಟ್ಕೊಂಡು ಹೇಳ್ಲಿ?" ಅಂದರು.

ನೋಡಿದ್ದೇ ನಿಜವೆಂದು ತಿಳಿದೆ, ಅಕ್ಕ. ಹಕ್ಕಿಯನ್ನಾದರೆ ಇನ್ನೊಂದು ಬಾರಿ ನೋಡಿ ಬರೆಯುತ್ತಿದ್ದೆ. ನಿಮ್ಮ ವಿಷಯದಲ್ಲಿ ಒಂದೇ ನೋಟಕ್ಕೆ ಗೆರೆ ಎಳೆದುಬಿಟ್ಟೆ. ಕ್ಷಮಿಸಿ.

ಇನ್ನೊಂದು. ದೀಪಾಲಿಗೆ ನಿಶ್ಶಕ್ತಿ ಎಂದು ಬರೆದದ್ದು ಸುಳ್ಳು. ಅವಳು ಫೆಬ್ರುವರಿಯಿಂದಲೇ ಇಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ಮರಳಿ ಹೋಗುವ ಮನಸ್ಸು ಅವಳಿಗೂ ಇರಲಿಲ್ಲ. ನಿಮಗೆ ತಿಳಿದರೆ ಸಂಬಂಧ ಮುಗಿಯುತ್ತದೆ, ಸಂಬಂಧ ಮುಗಿದರೆ ನಿಮ್ಮ ಪತ್ರ ಬರುವುದಿಲ್ಲ ಎಂದು ಮುಚ್ಚಿಟ್ಟೆ. ಮಗಳ ಬಾಳಿಗಿಂತ ನನಗೆ ಪತ್ರ ಹೆಚ್ಚಾಯಿತೇ ಎಂದು ಒಮ್ಮೊಮ್ಮೆ ನಾಚಿಕೆಯೂ ಆಗುತ್ತಿತ್ತು.

ಪರಾತ ಸರಿಯಾಗಿಟ್ಟು ನುಚ್ಚು ಹಾಕಿದ್ದೇನೆ. ಇಷ್ಟು ದಿನ ಹಾಕದ್ದಕ್ಕೆ ಗುಬ್ಬಿಗಳು ಸಿಟ್ಟಾಗಿವೆ, ಇನ್ನೂ ಕೆಳಗಿಳಿದಿಲ್ಲ.

ನಿಮ್ಮ,
ಸುಂದರಾ


ಹುಮನಾಬಾದ್
೧೮ ಮೇ ೨೦೨೫

ಪ್ರೀತಿಯ ಸುಂದರಾ,

ಅಕ್ಕ ಎಂದು ಕರೆದಿದ್ದೀ, ಹಾಗಾಗಿ ನಾನೂ ಬಹುವಚನ ಬಿಟ್ಟಿದ್ದೇನೆ.

ನೀನು ಮುಚ್ಚಿಟ್ಟದ್ದನ್ನು ಓದಿ ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಸತೀಶ ಎಲ್ಲಿ ಮಲಗುತ್ತಾನೆ ಎಂದು ನೀನು ಕೇಳಿದ್ದೆ. ನಾನು ಉತ್ತರ ಕೊಡಲಿಲ್ಲ. ಅವನು ಫೆಬ್ರುವರಿಯಲ್ಲೇ ಜಹೀರಾಬಾದಿನ ಕಂಪನಿಗೆ ಸೇರಿ ಅಲ್ಲೇ ಕೋಣೆ ಮಾಡಿದ್ದಾನೆ. ಹೋಗುವ ದಿನ, "ಅವ್ವ, ನನಗ ಆಕಿ ಮ್ಯಾಲ ಸಿಟ್ಟಿಲ್ಲ. ಆದ್ರ ಇಬ್ಬರೂ ಒಂದೇ ಮನ್ಯಾಗ ಪರದೇಶಿಗಳಂಗ ಇದ್ದೇವಿ. ಹಿಂಗ ಎಷ್ಟು ವರ್ಷ ಇರೂದು?" ಅಂದ. ಮದುವೆಗೆ ಮುಂಚೆ ಅವನು ಇನ್ನೊಂದು ವರ್ಷ ತಡೆಯಿರಿ ಎಂದಿದ್ದ. ಜಾತಕ ಕೂಡಿತು, ಮನೆತನ ಕೂಡಿತು ಎಂದು ನಾವು ತಡೆಯಲಿಲ್ಲ.

ನಿನಗೆ ಪುಸ್ತಕ ಕಳಿಸಿದಾಗ ಇದೆಲ್ಲ ನನಗೆ ಗೊತ್ತಿತ್ತು. ನೀನು ಮಗಳು ಮರಳಿ ಹೋಗಲಿ ಎಂದು ದೇವರಿಗೆ ಹರಕೆ ಹೊತ್ತು ಕುಳಿತಿರುವೆ ಎಂದು ಭಾವಿಸಿದ್ದೆ. ಹೇಳಿದರೆ ನಿನ್ನ ಮನಸ್ಸು ಮುರಿಯುತ್ತದೆ, ಪತ್ರವೂ ನಿಲ್ಲುತ್ತದೆ ಎಂದು ಹಕ್ಕಿಗಳನ್ನಷ್ಟೇ ಬರೆದೆ. ನೋಡು, ಇಬ್ಬರೂ ಒಂದೇ ಮಾತನ್ನು ಒಬ್ಬರಿಂದ ಒಬ್ಬರು ಬಚ್ಚಿಟ್ಟುಕೊಂಡು ಕುಳಿತಿದ್ದೆವು.

ಕಾಗದಪತ್ರದ ಕೆಲಸ ವಕೀಲರು ನೋಡಿಕೊಳ್ಳುತ್ತಾರೆ. ಜಗಳವಿಲ್ಲದೆ ಮುಗಿಯುತ್ತದೆ. ದೀಪಾಲಿಗೆ ಲ್ಯಾಬು ಹಿಡಿಸಿತಂತೆಯೇ? ಅವಳಿಗೆ ಮನೆಗೆಲಸಕ್ಕಿಂತ ತಾನು ಕಲಿತ ರಕ್ತ ತಪಾಸಣೆಯ ಕೆಲಸದಲ್ಲೇ ಖುಷಿ ಎಂದು ನಾನು ಮೊದಲೇ ಕಂಡಿದ್ದೆ. ನನಗೆ ಮಗಳಿಲ್ಲ, ಸೊಸೆ ಇದ್ದಳು. ಈಗ ನನಗೆ ಏನಾಗುತ್ತಾಳೆ ಎಂದು ಅವಳೇ ಹೇಳಲಿ.

ನಾನು ಒಂದು ದಿನ ಬರಲೇ? ನಿನ್ನ ಯಜಮಾನ ಮಹಾರುದ್ರಪ್ಪನವರನ್ನು ಕೇಳಿ ಬರೆ.

ಜಗದೇವಿ


ಬಸವಕಲ್ಯಾಣ
೨೪ ಮೇ ೨೦೨೫

ಅಕ್ಕ,

ಯಜಮಾನರನ್ನು ಕೇಳಿದೆ. ಅವರು ಏನೋ ಅಂದರು. ನಾನು ಮುಖ ಬೇರೆ ಕಡೆ ತಿರುಗಿಸಿದ್ದೆ, ಕೇಳಿಸಲಿಲ್ಲ. ಬಾ.

ಪಿಕಳಾರ ಬಾಗಿಲ ಬಳಿಯ ಮಲ್ಲಿಗೆ ಬಳ್ಳಿಯಲ್ಲಿ ಗೂಡು ಕಟ್ಟಿದೆ. ಒಗೆದ ಬಟ್ಟೆಯ ದಾರ, ನನ್ನ ಬಾಚಣಿಗೆಯ ಕೂದಲು, ಎಲ್ಲ ಅದರಲ್ಲಿ ಸೇರಿವೆ. ಮರಿಗಳು ಬಾಯಿ ತೆರೆದರೆ ಬಾಯಿಯೇ ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ಹಾರಿಹೋಗುವುದರೊಳಗೆ ಬಾ. ಚಿತ್ರ ಕಳಿಸುವುದಿಲ್ಲ, ಇಲ್ಲೇ ಬಂದು ನೋಡು.

ದೀಪಾಲಿ, ಅತ್ತೆ ಎನ್ನುವುದು ರೂಢಿಯಾಗಿದೆ, ಅದನ್ನು ಬಿಡುವುದಿಲ್ಲ ಅನ್ನುತ್ತಾಳೆ.

ಸುಂದರಾ


ಹುಮನಾಬಾದ್
೩ ಜೂನ್ ೨೦೨೫

ಸುಂದರಾ,

ಸುಖವಾಗಿ ಮುಟ್ಟಿದೆ. ದಾರಿಯಲ್ಲಿ ಒಳ್ಳೆಯ ಮಳೆ. ಬಸ್ಸು ಸೋರುತ್ತಿತ್ತು, ನನ್ನ ಸೀಟು ಬಿಟ್ಟು.

ತ್ರಿಪುರಾಂತ ಕೆರೆಯ ದಂಡೆಯಲ್ಲಿ ನಾವು ಮೂವರು ಕುಳಿತು ಬರೆದ ಪುಟಗಳನ್ನು ಹರಡಿಕೊಂಡು ನೋಡುತ್ತಿದ್ದೇನೆ. ಒಂದೇ ಬೆಳ್ಳಕ್ಕಿ, ಮೂರು ಬಗೆ. ನನ್ನದು ಪಾಠದ ಪುಸ್ತಕದ ಹಾಗೆ ನೆಟ್ಟಗೆ ನಿಂತಿದೆ. ದೀಪಾಲಿಯದು ಬಾತುಕೋಳಿಯಾಗಿದೆ, ಅವಳಿಗೆ ಹೇಳಬೇಡ. ನಿನ್ನದು ಮಾತ್ರ ಮೀನಿಗಾಗಿ ಕಾಯುತ್ತಿದೆ.

ನಿನಗೆ ಹೇಳಲೇಬೇಕಾದದ್ದು ಒಂದಿದೆ. ನೀನು ಅಡುಗೆಮನೆಯಲ್ಲಿ ನನಗೆಂದು ಶೇಂಗಾ ಹೋಳಿಗೆ ಕಟ್ಟುತ್ತಿದ್ದಾಗ ಮಹಾರುದ್ರಪ್ಪನವರು ನನ್ನ ಚೀಲ ಹಿಡಿದು ಹೊರಗೆ ನಿಂತಿದ್ದರು. ಬೆಳಗಿನಿಂದ ನನ್ನ ಜೊತೆ ಅವರು ಆಡಿದ್ದು ಬರ್ರಿ, ಕೂಡ್ರಿ ಎಂಬ ಎರಡೇ ಮಾತು. ಬಸ್ ನಿಲ್ದಾಣದ ತನಕವೂ ಮುಂದೆ ಮುಂದೆ ನಡೆದರು. ಅಲ್ಲಿ ಹಣ್ಣಿನ ಗಾಡಿಯ ಮಹೆಬೂಬ ಅವರನ್ನು ನೋಡಿ, "ಸಾವ್ಕಾರ, ಇವರು ಯಾರ್ರಿ? ಬೀಗತೇರೇನ್ರಿ?" ಎಂದು ಕೇಳಿದ. ಅವನಿಗೆ ಏನೂ ಗೊತ್ತಿರಲಿಲ್ಲ. ನಾನು ನೆಲ ನೋಡುತ್ತ ನಿಂತೆ.

ನಿನ್ನ ಯಜಮಾನರು ನನ್ನ ಚೀಲ ಕೆಳಗಿಟ್ಟು, "ಇಲ್ಲೋ, ನಮ್ಮ ಮನಿಯಾಕಿ ಗೆಳತಿ ಅದಾರ. ಹುಮನಾಬಾದದವರು. ನಮ್ಮ ಮನಿಗೆ ದೊಡ್ಡ ಉಪಕಾರ ಮಾಡ್ಯಾರ" ಅಂದರು. ಅಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿಯೇ ಅಂದರು.

ಇದನ್ನು ಅವರು ತಾವಾಗಿ ನಿನಗೆ ಹೇಳಲಾರರು. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಬಸ್ಸು ಬಂದಾಗ ಮಂದಿ ಮುತ್ತಿಕೊಂಡರು. ಅವರು ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯಿಂದ ಒಳಗೆ ಎಸೆದು ನನಗೆ ಸೀಟು ಹಿಡಿದರು. ಹತ್ತಿ ಕುಳಿತೆ, ಬಸ್ಸು ಹೊರಟಿತು, ಟವೆಲ್ಲು ನನ್ನ ತೊಡೆಯ ಮೇಲೆಯೇ ಉಳಿಯಿತು. ಒಗೆದು, ಮಡಿಚಿ ಇಟ್ಟಿದ್ದೇನೆ. ಅಂಚೆಯಲ್ಲಿ ಕಳಿಸುವುದಿಲ್ಲ. ನೀವಿಬ್ಬರೂ ಬಂದು ಒಯ್ಯಿರಿ.

ಜಗದೇವಿ